ಹಲ್ಲಿನ ಕ್ಲಿನಿಕ್ಕಿನ ಸಂಗೀತ ಚಿತ್ರಗಳು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಕೌಂಟರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಇದ್ದದ್ದು ಒಂದೇ ಹುಚ್ಚು: ಸಂಗೀತಗಾರರ ಮೇಲೆ ತೆಗೆದ ಸಾಕ್ಷ್ಯಚಿತ್ರಗಳನ್ನು ಹುಡುಕಿ ಹುಡುಕಿ ನೋಡುವುದು, ನೋಡಿದ ಮೇಲೆ ಸಿಕ್ಕವರಿಗೆಲ್ಲ ‘ನೀವೂ ನೋಡಿ’ ಎಂದು ಹೇಳುವುದು. ನೋಡುವುದರಿಂದ ಯಾರಿಗೂ ತೊಂದರೆ ಇರಲಿಲ್ಲ. ಹೇಳುವುದರಿಂದಾಗಿ ಮಾತ್ರ, ಅವಳ ಫೋನು ಬಂದರೆ ನೆಂಟರೆಲ್ಲ ಸ್ನಾನಕ್ಕೆ ಹೋಗಿಬಿಡುತ್ತಿದ್ದರು.

ಗಂಡ ಒಳ್ಳೆಯವನು. ಕರೆದಾಗಲೆಲ್ಲ ಪಕ್ಕದಲ್ಲಿ ಬಂದು ಕೂರುತ್ತಿದ್ದ, ಚಿತ್ರದ ಹೆಸರು ಬೀಳುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದ. ಅವಳ ಅಕ್ಕನದು ಇನ್ನೊಂದು ತಕರಾರು.

“ಹಾಡು ಕೇಳೋದು ಸರಿ ಕಣೆ. ಹಾಡೋರು ಎಲ್ಲಿ ಹುಟ್ಟಿದ್ರು, ಯಾಕೆ ಅತ್ರು, ಅದೆಲ್ಲ ನಮಗ್ಯಾಕೆ?”

“ನಿನಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ” ಎಂದು ಕೌಂಟರಕ್ಕ ಸುಮ್ಮನಾಗುತ್ತಿದ್ದಳು. ಎರಡು ದಿನವಾದರೆ ಮತ್ತೆ ಹೇಳುತ್ತಿದ್ದಳು.

ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಗೋಡೆಗೆ ಒಂದು ಟಿ.ವಿ. ಇತ್ತು. ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುದ್ದಿಯವರ ಜಗಳ, ಒಳಗಿನಿಂದ ಹಲ್ಲು ಕೊರೆಯುವ ಯಂತ್ರದ ಕೀರಲು ಸದ್ದು. ಎರಡರ ನಡುವೆ ಸಿಕ್ಕಿಕೊಂಡ ರೋಗಿಗಳು ಕುರ್ಚಿಯ ಕೈ ಹಿಡಿದು, ದವಡೆ ಬಿಗಿದು ಕೂತಿರುತ್ತಿದ್ದರು. ಒಂದು ದಿನ ಕೇಬಲ್ಲು ಕೈಕೊಟ್ಟಿತು. “ಏನಾದ್ರೂ ಹಾಕಿ, ಬರೀ ನನ್ನ ಮಷೀನ್ ಸದ್ದು ಕೇಳಿದ್ರೆ ಇರೋರೂ ಎದ್ದು ಹೋಗ್ತಾರೆ” ಎಂದರು ಡಾಕ್ಟರು. ಕೌಂಟರಕ್ಕ ಕೈಚೀಲದಿಂದ ಪೆನ್ ಡ್ರೈವ್ ತೆಗೆದು ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದಳು. ಇಷ್ಟು ಜನ ಎದ್ದು ಹೋಗಲಾರದೆ ಅವಳ ಮುಂದೆ ಕೂತದ್ದು ಅದೇ ಮೊದಲು.

ಅದು ಮದುವೆಗಳಲ್ಲಿ ಬಾರಿಸುವ ಒಂದು ಬ್ಯಾಂಡಿನವರ ಚಿತ್ರ. ಅಣ್ಣತಮ್ಮಂದಿರು, ಒಬ್ಬ ಭಾವ, ಒಂದು ಹಳೇ ವ್ಯಾನು. ಮದುವೆ ಮನೆ ಇನ್ನೂ ದೂರವಿರುವಾಗಲೇ ವ್ಯಾನು ಏರಿನಲ್ಲಿ ಕೆಟ್ಟು ನಿಲ್ಲುತ್ತದೆ. ಅಷ್ಟರಲ್ಲಿ ಕೆನ್ನೆ ಊದಿದ ಮೇಷ್ಟ್ರ ಸರದಿ ಬಂತು.

“ಒಂದ್ನಿಮಿಷ. ವ್ಯಾನು ಹೊರಡುತ್ತಾ ನೋಡಿ ಬರ್ತೀನಿ” ಎಂದರು ಮೇಷ್ಟ್ರು.

ಕೌಂಟರಕ್ಕ ಅವರ ಪಕ್ಕದವಳನ್ನು ಕರೆದಳು. ಅವಳೂ ಏಳಲಿಲ್ಲ. ಒಳಗೆ ಕಾದು ಕಾದು ಬೇಸತ್ತ ಡಾಕ್ಟರು ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು ಹೊರಗೆ ಬಂದರು.

“ಹೆದರಿ ಓಡಿಹೋದವರನ್ನ ನೋಡಿದೀನಿ. ಸಿನಿಮಾ ಮುಗೀಲಿ ಅಂತ ಹಲ್ಲುನೋವು ಇಟ್ಕೊಂಡು ಕೂತವರನ್ನ ಇವತ್ತೇ ನೋಡಿದ್ದು” ಎಂದು ಗದರಿದರು. ಆದರೆ ಆ ದಿನ ಒಳಗೆ ಬಂದವರೆಲ್ಲ ಹೇಳುವ ಮೊದಲೇ ಸಲೀಸಾಗಿ ಬಾಯಿ ತೆರೆದರು. ಬಿಗಿದ ದವಡೆ ಒಂದೂ ಇರಲಿಲ್ಲ. ಸಂಜೆ ಕೈ ತೊಳೆಯುತ್ತಾ ಡಾಕ್ಟರು, “ನಾಳೆಯೂ ಹಾಕಿ. ಆದ್ರೆ ಅರ್ಧಕ್ಕೆ ಎದ್ದು ಬರೋಕಾಗೋವಂಥದ್ದು ಹಾಕಿ” ಎಂದರು.

“ಎದ್ದು ಬರೋಕಾದ್ರೆ ಅದು ಒಳ್ಳೇದೇ ಅಲ್ಲ ಡಾಕ್ಟ್ರೇ.”

ಅಂದಿನಿಂದ ಅವಳು ಬಂದವರ ಮುಖ ನೋಡಿ ಚಿತ್ರ ಆರಿಸತೊಡಗಿದಳು. ಒಂದು ಬೆಳಿಗ್ಗೆ ಸಿಟಿ ಬಸ್ಸಿನ ಡ್ರೈವರಣ್ಣನನ್ನು ಅವನ ಹೆಂಡತಿ ತೋಳು ಹಿಡಿದು ಎಳೆದು ತಂದಳು. ದವಡೆ ಹಲ್ಲು ಪೂರಾ ಹುಳುಕು. ಹಿಂದೆಯೂ ಬಂದಿದ್ದ, ಪ್ರತಿ ಸಲವೂ ಫೋನು ಬಂತೆಂದು ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ. ಈ ಸಲ ಹೆಂಡತಿ ಫೋನು ಕಸಿದು ಇಟ್ಟುಕೊಂಡಿದ್ದಳು.

“ನಿಮಗೆ ಎಂಥ ಸಂಗೀತ ಇಷ್ಟ ಅಣ್ಣಾ?” ಎಂದು ಕೌಂಟರಕ್ಕ ಕೇಳಿದಳು.

“ಇಡೀ ದಿನ ಇಂಜಿನ್ ಕೇಳೋನಿಗೆ ಇನ್ನೆಂಥ ಸಂಗೀತ ತಾಯಿ.”

ಅವಳು ಸ್ವಲ್ಪ ಯೋಚಿಸಿ ಮದ್ದಲೆ ಮಾಡುವ ಅಪ್ಪ ಮಗಳ ಚಿತ್ರ ಹಾಕಿದಳು. ಅದರಲ್ಲಿ ಮಾತೇ ಕಡಿಮೆ. ಮಗಳು ಚರ್ಮ ಬಿಗಿಯುತ್ತಾಳೆ, ಅಪ್ಪ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ, ಸರಿಯಿಲ್ಲವೆಂದು ತಲೆ ಆಡಿಸುತ್ತಾನೆ. ಅವಳು ಬಿಚ್ಚಿ ಮತ್ತೆ ಬಿಗಿಯುತ್ತಾಳೆ. ಡ್ರೈವರಣ್ಣ ಮೊದಮೊದಲು ಬಾಗಿಲ ಕಡೆಗೇ ನೋಡುತ್ತಿದ್ದ. ಆಮೇಲೆ ಕುರ್ಚಿಯ ತುದಿಗೆ ಬಂದ. ಅವನ ಬೆರಳು ತಾನಾಗಿ ಮಂಡಿಯ ಮೇಲೆ ಆಡತೊಡಗಿತು. ಮಗಳು ಇನ್ನೊಂದು ಮದ್ದಲೆ ತಂದು ಅಪ್ಪನ ಮುಂದಿಟ್ಟಳು. ಅಪ್ಪ ಕೈ ಎತ್ತಿದ. ಆಗಲೇ ಒಳಗಿನಿಂದ ಕರೆ ಬಂತು.

ಕೌಂಟರಕ್ಕ ಚಿತ್ರ ನಿಲ್ಲಿಸಿದಳು. “ಮುಂದಿನದು ಹಲ್ಲು ಕಿತ್ತ ಮೇಲೆ.”

“ಇದು ಅನ್ಯಾಯ ಕಣಕ್ಕಾ.”

“ಅನ್ಯಾಯ ನಮಗೆ” ಎಂದರು ಪಕ್ಕದಲ್ಲಿದ್ದ ಅಜ್ಜಿ. “ನಿನ್ನ ದೆಸೆಯಿಂದ ನಾವೂ ಕಾಯಬೇಕು. ಹೋಗಪ್ಪ, ಬೇಗ ಕೀಳಿಸ್ಕೊಂಡು ಬಾ.” ಕೋಣೆಯೆಲ್ಲ ಅಜ್ಜಿಯ ಪರ ನಿಂತಿತು. ಡ್ರೈವರಣ್ಣ ಎಲ್ಲರ ಮುಖ ನೋಡಿದ, ನಿಂತುಹೋದ ಚಿತ್ರದಲ್ಲಿ ಮೇಲೆತ್ತಿದ್ದ ಆ ಕೈ ನೋಡಿದ, ಎದ್ದು ಒಳಗೆ ನಡೆದ.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅವನು ಹೊರಬಂದಾಗ ಯಾರೋ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಚಿತ್ರ ಮುಂದುವರಿಯಿತು. ಅಪ್ಪ ತಟ್ಟಿದ, ಕಿವಿಗೊಟ್ಟ, ಇನ್ನೊಮ್ಮೆ ತಟ್ಟಿದ. ಈ ಸಲ ತಲೆ ಆಡಿಸಲಿಲ್ಲ. ಆ ಮದ್ದಲೆಯನ್ನು ಎತ್ತಿ, ತಾನು ಮಾಡಿದವುಗಳ ಸಾಲಿನಲ್ಲಿ ಇಟ್ಟು, ಕೈ ಒರೆಸಿಕೊಂಡು ಊಟಕ್ಕೆ ಹೊರಟ. ಡ್ರೈವರಣ್ಣನ ಕಣ್ಣು ತುಂಬಿತ್ತು. ಕೌಂಟರಿನ ಹತ್ತಿರ ಬಂದು ಕೈಸನ್ನೆಯಲ್ಲಿ ಏನೋ ಕೇಳಿದ.

“ನೋವಾಗ್ತಿದೆಯಾ?”

“ಅಲ್ಲ” ಎಂದಳು ಅವನ ಹೆಂಡತಿ. “ಇಂಥದ್ದು ಇನ್ನೂ ಇದಾವಾ ಅಂತ ಕೇಳ್ತಿದಾರೆ.”

ಕೌಂಟರಕ್ಕನಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಹೇಳಲು ಶುರು ಮಾಡಿದಳು, ಹೇಳುತ್ತಲೇ ಇದ್ದಳು. ಅವನು ಹತ್ತಿ ಕಚ್ಚಿಕೊಂಡೇ ತಲೆದೂಗುತ್ತಾ ಕೇಳಿದ.

ಮಾತು ಬರುವಂತಾದದ್ದೇ ತಡ, ಅವನು ಬಸ್ ಡಿಪೋದಲ್ಲೆಲ್ಲ ಡಂಗುರ ಸಾರಿದ. ಕ್ಲಿನಿಕ್ಕಿಗೆ ಬರುವ ಫೋನುಗಳ ಧಾಟಿಯೇ ಬದಲಾಯಿತು: “ನಮಗೆ ಹಲ್ಲೇನೂ ನೋಯ್ತಿಲ್ಲ. ಇವತ್ತು ಯಾವುದು ಹಾಕ್ತೀರ?” ಹಲ್ಲು ಗಟ್ಟಿಯಿದ್ದವರು ಬೇಗ ಬಂದು ಕೂತರು, ನೋವಿದ್ದವರು ಕೆನ್ನೆ ಹಿಡಿದು ನಿಂತರು.

“ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರೆ. ನನ್ನ ಕ್ಲಿನಿಕ್ಕಲ್ಲಿ ಹಲ್ಲಿದ್ದವರಿಗೇ ಕುರ್ಚಿ” ಎಂದು ಡಾಕ್ಟರು ಹಣೆ ಚಚ್ಚಿಕೊಂಡರು. ಕೊನೆಗೆ ಅವರೇ ದಾರಿ ಹುಡುಕಿದರು. “ರಜಾ ದಿನ ಬಾಗಿಲು ತೆಗೆಯೋಣ. ಬರೀ ಚಿತ್ರಕ್ಕೆ. ಆದ್ರೆ ಯಾಕೆ ನೋಡ್ಬೇಕು ಅಂತ ಮೊದಲು ನೀವು ನಾಲ್ಕು ಮಾತು ಹೇಳ್ಬೇಕು.”

ರಜೆಯ ಬೆಳಿಗ್ಗೆ ಮೆಟ್ಟಿಲವರೆಗೂ ಚಪ್ಪಲಿ. ಕೌಂಟರಕ್ಕ ಟಿ.ವಿ.ಯ ಮುಂದೆ ಬಂದು ನಿಂತಳು. ಫೋನಿನಲ್ಲಿ ಗಂಟೆಗಟ್ಟಲೆ ಆಡುತ್ತಿದ್ದ ಮಾತುಗಳಲ್ಲಿ ಒಂದೂ ಹತ್ತಿರ ಸುಳಿಯಲಿಲ್ಲ.

“ಇದು ಬಂದರಿನಲ್ಲಿ ಬಲೆ ರಿಪೇರಿ ಮಾಡೋ ಹೆಂಗಸರ ಕಥೆ” ಎಂದಳು. “ಅವರ ಭಾಷೆ ನಮಗೆ ಬರಲ್ಲ. ರಾಗ ತಾಳ ಗೊತ್ತಿರಬೇಕು ಅಂತೇನೂ ಇಲ್ಲ. ನಾನು ಇದನ್ನ ನೋಡಿದ ದಿನ ಮನೆ ಕೆಲಸ ಎಲ್ಲ ಹಗುರಾಗಿತ್ತು. ಅಷ್ಟಕ್ಕೇ ನೋಡಿ ಅಂತಿದೀನಿ.” ಹೇಳಿ ಲೈಟು ಆರಿಸಿದಳು.

ಬಲೆ ಹೊಲಿಯುತ್ತಾ ಹಾಡುವ ಆ ಹೆಂಗಸರನ್ನು ಯಾರೋ ದೊಡ್ಡ ವೇದಿಕೆಗೆ ಕರೆಯುತ್ತಾರೆ. ಹೊಸ ಬಟ್ಟೆ ಉಟ್ಟು ಸಾಲಾಗಿ ನಿಂತರೆ ಒಬ್ಬಳಿಗೂ ಸ್ವರ ಹೊರಡುವುದಿಲ್ಲ. ಕೈ ಖಾಲಿ ಇದೆ, ಏನು ಮಾಡಬೇಕೆಂದೇ ತಿಳಿಯುತ್ತಿಲ್ಲ. ಆಗ ಅವರಲ್ಲೇ ಹಿರಿಯಳು ಒಳಗೆ ಹೋಗಿ, ಊರಿನಿಂದ ಜೊತೆಗೆ ತಂದಿದ್ದ ಹರಕು ಬಲೆಯನ್ನು ಎಳೆದು ತಂದು ಎಲ್ಲರ ಮುಂದೆಯೂ ಹರಡುತ್ತಾಳೆ. ಕೂತರು, ಸೂಜಿ ಹಿಡಿದರು, ಹಾಡಿದರು.

ಲೈಟು ಹಾಕಿದರೂ ಯಾರೂ ಏಳಲಿಲ್ಲ. “ಆ ಬಲೆ ಬರೋ ಜಾಗ ಇನ್ನೊಂದ್ಸಲ ಹಾಕ್ತೀರಾ?” ಎಂದು ಹಿಂದಿನಿಂದ ಕೇಳಿದವರು ಡಾಕ್ಟರು. ಅವಳು ಹಾಕಿದಳು. ಈ ಸಲ ಡ್ರೈವರಣ್ಣ ಕುರ್ಚಿಯ ಬೆನ್ನಿನ ಮೇಲೆ ತಾಳ ಹಿಡಿದ. ಅಜ್ಜಿ ಗುನುಗಿದರು. ಮಾತು ಅರ್ಥವಾಗದಿದ್ದರೂ ಧಾಟಿ ಸುಲಭವಾಗಿತ್ತು, ಮೂರನೇ ಸಾಲಿಗೆ ಮೇಷ್ಟ್ರು ಸೇರಿಕೊಂಡರು, ಆಮೇಲೆ ಇಡೀ ಕೋಣೆ. ಕೌಂಟರಕ್ಕ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದಳು.

ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಾತ ಬಾಗಿಲಲ್ಲಿ ಇಣುಕಿ, ಬೋರ್ಡು ನೋಡಿ, ಗೊಂದಲದಿಂದ ಕೇಳಿದ: “ಇವತ್ತು ಹಲ್ಲು ನೋಡ್ತೀರಾ?”

“ಇವತ್ತು ರಜಾ” ಎಂದರು ಡಾಕ್ಟರು, ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾ. “ಬನ್ನಿ, ಕೂತ್ಕೊಳ್ಳಿ.”