ಚಿಲಕಕ್ಕೆ ಕಟ್ಟಿದ ಟವಲು

ಶಿವಮೊಗ್ಗದ ಆಫೀಸಿನವರು ತನುಜಾಗೆ ಒಂದು ತಿಂಗಳು ಭದ್ರಾವತಿಯ ಮನೆಯಿಂದಲೇ ಕೆಲಸ ಮಾಡಲು ಬಿಟ್ಟರು. ಪಂಪ್‌ಸೆಟ್ ಕೊಂಡ ರೈತರ ದೂರು ಕೇಳಿ ಮೆಕ್ಯಾನಿಕ್ ಕಳಿಸುವ ಫೋನಿನ ಕೆಲಸ. ಕರೆಯಲ್ಲಿ ಮನೆಯ ಗಲಾಟೆ ಕೇಳಿಸದಿದ್ದರೆ ಆಮೇಲೂ ಮನೆಯಿಂದಲೇ. ಕೇಳಿಸಿದರೆ ಮತ್ತೆ ಬಸ್ಸು. ದಿನವೂ ನಿಂತು ಹೋಗಿ ನಿಂತು ಬಂದು ಸೊಂಟ ಬಿದ್ದುಹೋಗಿದ್ದ ಅವಳಿಗೆ ಆ ಬಸ್ಸಿನ ಸಹವಾಸವೇ ಸಾಕಾಗಿತ್ತು.

ಮನೆಯಲ್ಲಿದ್ದಾಳೆಂದು ಗೊತ್ತಾಗಿದ್ದೇ ತಡ, ನ್ಯೂಟೌನಿನ ಆ ಸಾಲುಮನೆಗಳ ಹೆಂಗಸರು ಹೆಪ್ಪಿಗೆ ಮಜ್ಜಿಗೆ ಕೇಳಲು, ಸಿಲಿಂಡರ್ ಬುಕ್ ಮಾಡಿಸಲು ಬಾಗಿಲು ತಟ್ಟತೊಡಗಿದರು. ಮಾವ ಏಕಾಂತಪ್ಪ ಕಾರ್ಖಾನೆಯಲ್ಲಿ ಸವೆದ ಜೀವ. ರಾತ್ರಿಪಾಳಿ ಮುಗಿಸಿ ಬಂದವರು ಯಾರಾದರೂ ಹಗಲು ಮಲಗಿದ್ದರೆ ಬಾಗಿಲ ಚಿಲಕಕ್ಕೆ ಟವಲು ಕಟ್ಟುವುದು ಆ ಸಾಲಿನ ಹಳೇ ರೂಢಿ. ಅದು ಕಂಡರೆ ಸೊಪ್ಪಿನವಳೂ ಕೂಗುತ್ತಿರಲಿಲ್ಲ. ಏಕಾಂತಪ್ಪ ತಮ್ಮದೊಂದು ಟವಲು ತಂದು ಬಿಗಿದರು.

“ಇನ್ನು ಯಾರು ತಟ್ತಾರೋ ನೋಡ್ತೀನಿ. ನೀನು ಮಾತಾಡಮ್ಮ.”

ಯಾರೂ ತಟ್ಟಲಿಲ್ಲ. ಆದರೆ ಆ ಟವಲಿಗೆ ಅಲ್ಲಿ ಇದ್ದದ್ದು ಒಂದೇ ಅರ್ಥ. ಹಿಟ್ಟಿನ ಗಿರಣಿಯಲ್ಲಿ ತನುಜಾಳ ಅತ್ತೆ ಸುಭದ್ರಮ್ಮನವರನ್ನು ಪಕ್ಕದ ಮನೆಯ ಭವಾನಿ ಎಲ್ಲರೆದುರು ಕೇಳಿಯೇಬಿಟ್ಟಳು: “ಏನ್ ಸುಭದ್ರಕ್ಕ, ಸೊಸೆ ಹಗಲೆಲ್ಲ ಮಲಗ್ತಾಳಂತೆ? ನೀವು ಬೇಯಿಸಿ ಹಾಕ್ತೀರಂತೆ?”

ಸುಭದ್ರಮ್ಮ ಬಿರಬಿರನೆ ಮನೆಗೆ ಬಂದು, ಟವಲು ಬಿಚ್ಚಿ ಎಸೆದು, ಬಾಗಿಲು ಗೋಡೆಗೆ ಬಡಿಯುವಂತೆ ತೆಗೆದರು.

“ಬಾರೇ ಭವಾನಿ, ಮಲಗಿದಾಳಾ ಕೂತಿದಾಳಾ ಕಣ್ಣಾರೆ ನೋಡು!”

ಗಿರಣಿಯಿಂದ ಹಿಂದೆಯೇ ಬಂದಿದ್ದ ಭವಾನಿ ಒಳಗೆ ಬಂದಳು. ಅವಳ ಹಿಂದೆ ಇನ್ನಿಬ್ಬರು. ಒಳಗೆ ತನುಜಾ ಕುಂಸಿಯ ರೈತನೊಬ್ಬನ ಹತ್ತಿರ ಮಾತಾಡುತ್ತಿದ್ದಳು. ಮೋಟಾರು ಗುಂಯ್ ಅನ್ನುತ್ತದೆ, ನೀರು ಮಾತ್ರ ಬರುವುದಿಲ್ಲ ಎಂಬುದು ಅವನ ಗೋಳು.

“ಅಯ್ಯೋ, ದಿನಾ ಗಂಡಸ್ರ ಜೊತೆನೇ ಮಾತಾಡೋದಾ?” ಎಂದಳು ಭವಾನಿ.

“ರೈತರು ಕಣೇ! ಅದಕ್ಕೇ ಸಂಬಳ ಕೊಡೋದು!” ಸುಭದ್ರಮ್ಮನ ದನಿ ಬೀದಿಗೆ ಕೇಳುವಂತಿತ್ತು.

“ಅಲ್ಲೇನು ಮದುವೆನಾ ಮಾರಾಯ್ತಿ?” ಎಂದು ರೈತ ಫೋನಿಟ್ಟ.

ಸ್ವಲ್ಪ ಹೊತ್ತಿಗೆ, ಆಫೀಸಿನಲ್ಲಿ ಕೂತು ಕರೆಗಳನ್ನು ಕೇಳಿಸಿಕೊಳ್ಳುವ ಮೇಲಧಿಕಾರಿ ಹರ್ಷವರ್ಧನನ ಕರೆ ಬಂತು. “ತನುಜಾ, ಸಂತೆ ಕೇಳಿಸ್ದಂಗೆ ಕೇಳಿಸ್ತು. ನಾಳೆಯಿಂದ ಬಾಗಿಲು ಹಾಕ್ಕೊಂಡು ಮಾಡ್ತೀನಿ ಅಂದ್ರೆ ಇದೊಂದ್ಸಲ ಬಿಡ್ತೀನಿ. ಏನಂತೀರ?”

ತನುಜಾ ಪಡಸಾಲೆಯ ಕಡೆ ನೋಡಿದಳು. ಅತ್ತೆ ಮೂವರಿಗೂ ಕಾಫಿ ಕೊಡುತ್ತಿದ್ದರು. “ಈಗ್ಲಾದ್ರೂ ನಂಬ್ತೀಯಾ?” ಎಂದು ಭವಾನಿಯನ್ನು ಕೇಳುತ್ತಿದ್ದರು. ಬಾಗಿಲು ಮುಚ್ಚಿದರೆ ನಾಳೆ ಅದೇ ಗಿರಣಿ, ಅದೇ ಮಾತು.

“ಸೋಮವಾರದಿಂದ ಆಫೀಸಿಗೇ ಬರ್ತೀನಿ ಸರ್.”

“ಅದೇ ವಾಸಿ ಬಿಡು,” ಎಂದಳು ಭವಾನಿ ಕಾಫಿ ಊದುತ್ತ. “ಹೊರಗೆ ಹೋದ್ರೆ ಕೆಲಸಕ್ಕೆ ಹೋದಂಗೆ ಕಾಣುತ್ತೆ.”

ಸುಭದ್ರಮ್ಮ ಎಸೆದಿದ್ದ ಟವಲನ್ನು ಎತ್ತಿ ಮಡಿಚಿಟ್ಟರು. ತನುಜಾ ಕುಂಸಿಯವನಿಗೆ ತಿರುಗಿ ಫೋನ್ ಹಚ್ಚಿದಳು. ಮೋಟಾರು ತಗೊಂಡು ಎಷ್ಟು ವರ್ಷವಾಯಿತೆಂದು ಕೇಳುವುದು ಉಳಿದಿತ್ತು.