ಎಂಟು ಕಾಲಿನ ಹಕ್ಕಿ

"ಅಕ್ಕಾ, ಬದುಕಿದ್ದೀಯೋ ಇಲ್ವೋ? ಒಂದು ಸಲ ಕೈಯಾದ್ರೂ ಆಡಿಸು," ಎಂದು ಮಸೂದಾ ಕಾರಿನ ಕಿಟಕಿಯಿಂದ ಕೂಗಿದಳು.

ವರೀದಾ ಕೈ ಆಡಿಸಲಿಲ್ಲ. ಒದ್ದೆ ಮರಳಿನ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಕ್ಯಾಮೆರಾಗೆ ಕಣ್ಣು ಹಚ್ಚಿಕೊಂಡಿದ್ದಳು. ತಂಗಿಯ ಗಂಟಲಿಗೆ ಹೆದರಿ ಎದುರಿಗಿದ್ದ ಹಕ್ಕಿ ಸರ್ರನೆ ಓಡಿತು. ಹಿಡಿಯಷ್ಟು ಗಾತ್ರದ, ಮರಳಿನದೇ ಬಣ್ಣದ ಹಕ್ಕಿ. ಅದರ ಹಿಂದೆ ಮೂರು ಮರಿಗಳೂ ಹತ್ತಿಯ ಉಂಡೆಗಳ ಹಾಗೆ ಉರುಳಿಕೊಂಡು ಹೋದವು.

"ಓಡಿಸಿಬಿಟ್ಯಲ್ಲೇ! ನಿನ್ನ ಬಾಯಿಗೆ ಮೀನಿನ ಮುಳ್ಳು ಸಿಕ್ಕಿಕೊಳ್ಳಾ!"

"ಚಹಾ ಆರಿ ಹೋಗ್ತಿದೆ ಅಂತ ಕರೆದೆ. ಈ ವಯಸ್ಸಲ್ಲಿ ಹೆಂಗಸರು ಹಜ್‌ಗೆ ಹೋಗ್ತಾರೆ. ನೀನು ನೋಡಿದ್ರೆ ಕೆಸರಲ್ಲಿ ಹೊರಳಾಡ್ತೀಯ."

ವರೀದಾ ಮತ್ತೆ ಕ್ಯಾಮೆರಾಗೆ ಕಣ್ಣು ಹಚ್ಚಿದಳು. ತಂಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಡಿ ನೋವು ಸೊಂಟಕ್ಕೇರಿತ್ತು. ವಾರಗಟ್ಟಲೆಯಿಂದ ಬೆಳಗಾದರೆ ಈ ಹಿನ್ನೀರಿನ ದಂಡೆಗೆ ಬರುವುದು, ಮಸುಕು ಮಸುಕಾದ ಫೋಟೋ ಹೊತ್ತು ಮನೆಗೆ ಹೋಗುವುದು, ಅಳಿಸುವುದು. ಇಷ್ಟೇ ಆಗಿತ್ತು. ಸಾಕು ಎಂದು ದಿನವೂ ಅನಿಸುತ್ತಿತ್ತು. ಮರುದಿನ ಮತ್ತೆ ಮಸೂದಾಳ ಬಾಗಿಲು ತಟ್ಟುತ್ತಿದ್ದಳು.

ಹುಡುಗಿಯಾಗಿದ್ದಾಗ ಹೀಗೆ ದಣಿವಾಗುತ್ತಿರಲಿಲ್ಲ. ಅಪ್ಪ ಫರ್ವಾ ದ್ವೀಪಕ್ಕೆ ದೋಣಿ ಬಿಡುತ್ತಿದ್ದ. ಯಾರೋ ನಾವಿಕನಿಂದ ಕೊಂಡ ರಷ್ಯದ ಕ್ಯಾಮೆರಾ ಒಂದನ್ನು ಮಗಳ ಕುತ್ತಿಗೆಗೆ ಹಾಕಿ, "ಹಕ್ಕಿ ಎಷ್ಟು ಬೇಕಾದ್ರೂ ಹಿಡಿ, ಆದ್ರೆ ಇದರಲ್ಲೇ ಹಿಡಿ," ಎಂದಿದ್ದ. ಮದುವೆಯಾದ ಮೇಲೆ ಅತ್ತೆ ಆ ಕ್ಯಾಮೆರಾ ನೋಡಿ, ಹಕ್ಕಿ ಹಿಂದೆ ಅಲೆಯೋದ್ಯಾಕೆ, ನನ್ನ ತಂಗಿ ಮಗಳ ಮದುವೆಗೆ ಬಂದು ಫೋಟೋ ತೆಗಿ ಎಂದಳು. ಆವತ್ತು ಮದುವೆಮನೆಗಳ ಒಳಗೆ ಹೋದವಳು ಹೊರಬಂದದ್ದು ಹೋದ ಚಳಿಗಾಲದಲ್ಲಿ, ಮಂಡಿ ಕೈಕೊಟ್ಟ ಮೇಲೆ.

ಅವರ ಊರು ಜುವಾರಾದಲ್ಲಿ ಹೆಂಗಸರ ಮದುವೆಮನೆಗೆ ಗಂಡಸರು ಇಣುಕುವಂತಿಲ್ಲ. ಒಳಗೆ ತಲೆಗೂದಲು ಬಿಟ್ಟುಕೊಂಡು, ಸೆರಗಿನ ಹಂಗಿಲ್ಲದೆ ಕುಣಿತ. ಹಾಗಾಗಿ ಕಟ್ಟಳೆ ಬಿಗಿ. ಕೊನೆಯ ಹಾಡು ಮುಗಿದ ಕೂಡಲೇ ಫೋಟೋದವಳು ಕ್ಯಾಮೆರಾದ ಕಾರ್ಡು ತೆಗೆದು ಮದುಮಗಳ ತಾಯಿಯ ಅಂಗೈಗಿಡಬೇಕು, ಚೀಲ ಬಿಚ್ಚಿ ತೋರಿಸಬೇಕು. ರೀಲಿನ ಕಾಲದಲ್ಲಿ ತಾನೇ ತೊಳೆದು ನೆಗೆಟಿವ್ ಸಮೇತ ಒಪ್ಪಿಸುತ್ತಿದ್ದಳು. ಎರಡನೇ ಕಾರ್ಡು ಅವಳು ಎಂದೂ ಇಟ್ಟುಕೊಂಡವಳಲ್ಲ. ಇಟ್ಟರೆ ಜನ ಅನುಮಾನಪಡುತ್ತಾರೆ. ಅರ್ಧ ಊರಿನ ಸಂಭ್ರಮ ಅವಳ ಕಣ್ಣೆದುರು ಹಾದುಹೋಗಿತ್ತು. ಅವಳು ತೆಗೆದದ್ದು ಅಂತ ಅವಳ ಮನೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಅಪ್ಪನ ಕಾಲದ ಹಕ್ಕಿಚಿತ್ರಗಳು ಕೂಡ ಬೂಷ್ಟು ಹಿಡಿದು ಹಾಳಾಗಿದ್ದವು.

ಮಸೂದಾ ಗೊಣಗಿಕೊಂಡು ಗಾಜು ಏರಿಸಿದಳು. ಸ್ವಲ್ಪ ಹೊತ್ತಿಗೆ ಹಕ್ಕಿ ಅನುಮಾನಿಸುತ್ತ ವಾಪಸ್ಸು ಬಂತು. ಎರಡು ಹೆಜ್ಜೆ ಓಡಿ ನಿಂತಿತು, ಮತ್ತೆ ಓಡಿತು. ಆಮೇಲೆ ಹೊಟ್ಟೆಯ ಗರಿ ಉಬ್ಬಿಸಿ ಕೂತಿತು. ಒಂದು ಮರಿ ಗರಿಯಡಿಗೆ ನುಗ್ಗಿತು. ಎರಡನೆಯದು ನುಗ್ಗಿತು. ಮೂರನೆಯದು ದಾರಿ ತಪ್ಪಿ ಅತ್ತಿತ್ತ ಓಡಿ ಕೊನೆಗೆ ಬಾಲದ ಕಡೆಯಿಂದ ತೂರಿಕೊಂಡಿತು. ತಾಯಿಹಕ್ಕಿ ಸ್ವಲ್ಪ ಮೇಲೆದ್ದಿತು. ಅಡಿಯಲ್ಲಿ ಕಡ್ಡಿಯಂಥ ಕಾಲುಗಳ ಸಾಲು ಕಂಡಿತು. ವರೀದಾ ಉಸಿರು ಹಿಡಿದು ಗುಂಡಿ ಒತ್ತಿದಳು.

ಸಿಕ್ಕಿತು ಎಂದು ಬೆರಳಿಗೇ ಗೊತ್ತಾಯಿತು. ಪರದೆಯಲ್ಲಿ ನೋಡಿದರೆ ಕಣ್ಣಿನ ಮಿಂಚು ಕೂಡ ಸ್ಪಷ್ಟ. ಅವಳಿಗೆ ಅಳು ಬಂತು. ಇಷ್ಟು ವರ್ಷದ ಮೇಲೆ ಇದೊಂದು ನನ್ನದು ಎಂದುಕೊಂಡಳು.

"ಏ ಯಾರದು? ನನ್ನ ಫೋಟೋ ತೆಗೆದ್ಯಾ?"

ನೀರಿನ ಕಡೆಯಿಂದ ಒಬ್ಬ ಹೆಂಗಸು ದಡದಡ ಬರುತ್ತಿದ್ದಳು. ಲಂಗ ತೊಡೆಯವರೆಗೆ ಸಿಕ್ಕಿಸಿಕೊಂಡಿದ್ದಳು, ಕೂದಲು ಬಿಚ್ಚಿತ್ತು, ಕೈಯಲ್ಲಿ ಉಣ್ಣೆ ಬಡಿದು ತೊಳೆಯುವ ಖರ್ಜೂರದ ದಂಟಿತ್ತು. ಬೆಳಗಿನಿಂದ ಕೇಳುತ್ತಿದ್ದ ಧಪ್ ಧಪ್ ಸದ್ದು ಇವಳದೇ ಎಂದು ವರೀದಾಗೆ ಆಗ ಹೊಳೆಯಿತು. ಮದುವೆಮನೆಯಲ್ಲಾಗಿದ್ದರೆ ಗುಂಡಿ ಒತ್ತುವ ಮೊದಲು ಚಿತ್ರದ ಹಿಂಬದಿಯಲ್ಲಿ ಯಾರಿದ್ದಾರೆ ಎಂದು ನೋಡದೆ ಇರುತ್ತಿರಲಿಲ್ಲ. ಹಕ್ಕಿ ಅವಳಿಗೆ ಮಂಕುಬೂದಿ ಎರಚಿತ್ತು.

"ವರೀದಕ್ಕಾ! ನೀನಾ?" ಹೆಂಗಸು ದಂಟು ಕೆಳಗಿಳಿಸಿದಳು. "ನಾನು ಗಜಾಲಾ. ನನ್ನ ಮದ್ವೇಲಿ ನೀನೇ ತೆಗೆದಿದ್ದು."

"ನಿನ್ನ ತೆಗೀಲಿಲ್ಲಮ್ಮ. ಹಕ್ಕಿ ತೆಗೆದೆ. ನೋಡು ಬೇಕಾದ್ರೆ."

ಗಜಾಲಾ ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಪರದೆಗೆ ಬಗ್ಗಿದಳು. "ಅಯ್ಯೋ, ಇದಕ್ಕೆಷ್ಟು ಕಾಲು? ಎರಡು, ನಾಲ್ಕು... ಎಂಟು! ಇದೆಂಥ ಹಕ್ಕಿ?"

"ಮರಿಗಳು ಒಳಗಿವೆ."

ಗಜಾಲಾ ಜೋರಾಗಿ ನಕ್ಕಳು. ಆಮೇಲೆ ನಗು ನಿಂತಿತು. ಹಕ್ಕಿಯ ಹಿಂದೆ, ನೀರಿನ ಹೊಳಪಿನಲ್ಲಿ, ಕೆಂಪು ಲಂಗದ ಬಣ್ಣ ಹರಡಿತ್ತು. ಅದರ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ.

"ಇದು ನನ್ನ ಕೂದಲು."

"ಮುಖ ಎಲ್ಲಿದೆ ಅದರಲ್ಲಿ? ಬರೀ ಬಣ್ಣ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಲ್ಲಕ್ಕಾ."

"ಆ ಭಾಗ ಕತ್ತರಿಸಿ ತೆಗೀತೀನಿ."

"ಕತ್ತರಿಸಿದ್ದು, ಅಳಿಸಿದ್ದು ಎಲ್ಲ ವಾಪಸ್ ಬರತ್ತಂತೆ. ನನ್ನ ಮೈದುನನ ಅಂಗಡೀಲಿ ಅದೇ ಕೆಲ್ಸ." ಗಜಾಲಾ ತಲೆ ತಗ್ಗಿಸಿದಳು. ದನಿ ಗಟ್ಟಿ ಇರಲಿಲ್ಲ, ಆದರೆ ಕದಲಲೂ ಇಲ್ಲ. "ನನ್ನ ಮದ್ವೆ ದಿನ ಚಿಕ್ಕಮ್ಮ ಒಂದೇ ಒಂದು ಫೋಟೋ ನನಗೂ ಕೊಡು ಅಂತ ನಿನ್ನ ಕಾಲು ಹಿಡಿಯೋದೊಂದು ಬಾಕಿ. ನೀನು ಬಗ್ಗಲಿಲ್ಲ. ಚಿತ್ರದಲ್ಲಿ ಯಾರು ಕಾಣ್ತಾರೋ ಚಿತ್ರ ಅವರದು ಅಂದೆ. ಆ ಧೈರ್ಯದ ಮೇಲೇ ತಾನೆ ನಾವೆಲ್ಲ ನಿನ್ನೆದುರು ಕುಣಿದಿದ್ದು?"

ವರೀದಾ ಮೊಣಕೈ ಊರಿ ಎದ್ದು ಕೂತಳು. ಕಾರ್ಡು ಕೊಡಲಾರೆ ಎನ್ನಬಹುದಿತ್ತು. ಹಾಗೆಂದರೆ ಇವಳೇನು ಬಡಿದಾಡುತ್ತಿರಲಿಲ್ಲ. ನೀರಿಗೆ ಹಿಂತಿರುಗಿ ಹೋಗಿ, ಅರ್ಧ ತೊಳೆದ ಉಣ್ಣೆಯನ್ನು ಮನೆಗೆ ಹೊತ್ತೊಯ್ಯುತ್ತಿದ್ದಳು. ಅದು ಮಗಳ ಮದುವೆಯ ಹಾಸಿಗೆಗೆ ಇರಬೇಕು. ನಾಳೆಯಿಂದ ಈ ದಂಡೆಗೆ ಯಾರೂ ಕೂದಲು ಬಿಚ್ಚಿಕೊಂಡು ಬರುತ್ತಿರಲಿಲ್ಲ. ವರೀದಾಗೆ ಗಜಾಲಾಳ ಮೇಲೆ, ತನ್ನ ಮೇಲೆ, ಆ ಕಪ್ಪು ಗೆರೆಯ ಮೇಲೆ ಸಿಟ್ಟು ಬಂತು. ಸಿಟ್ಟಿಗೂ ತ್ರಾಣ ಸಾಲಲಿಲ್ಲ.

ಕ್ಯಾಮೆರಾದ ಮುಚ್ಚಳ ತೆಗೆದು, ಕಾರ್ಡು ಹಿರಿದು, ಗಜಾಲಾಳ ಅಂಗೈಗಿಟ್ಟಳು. ಅಭ್ಯಾಸಬಲದಿಂದ ಚೀಲವನ್ನೂ ಬಿಚ್ಚಿ ತೋರಿಸಿದಳು. ಅದರಲ್ಲಿ ಮೂಗು ಒರೆಸುವ ಬಟ್ಟೆ ಮತ್ತು ಬಾರ್ಲಿ ರೊಟ್ಟಿಯ ತುಂಡಿತ್ತು.

"ಹಾಳು ಮಾಡಬೇಡ ಅದನ್ನ," ಎಂದಳು. "ನಿನ್ನ ಮದ್ವೆ ಫೋಟೋ ಇಟ್ಟಲ್ಲೇ ಇಡು. ಒಂದು ದಿನ ನೋಡಕ್ಕೆ ಬರ್ತೀನಿ."

"ಬಾ ಅಕ್ಕಾ. ಖಂಡಿತಾ ಬಾ. ಕಡಲೆಕಾಯಿ ಹಾಕಿ ಚಹಾ ಮಾಡ್ತೀನಿ." ಗಜಾಲಾ ಕಾರ್ಡನ್ನು ಕೊರಳಿನ ವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಹೊರಟಳು.

ನೀರಿನ ಹತ್ತಿರ ಅವಳು ನಿಂತಳು. ಕೂದಲು ಒಟ್ಟುಗೂಡಿಸಿ ಗಂಟು ಕಟ್ಟಿ, ದಡದಲ್ಲಿ ಬಿಟ್ಟಿದ್ದ ಬಿಳಿ ಹೊದಿಕೆಯನ್ನು ತಲೆಯ ಮೇಲಿಂದ ಸೊಂಟದವರೆಗೆ ಎಳೆದುಕೊಂಡಳು. ಲಂಗ ಕೆಳಗಿಳಿಸಿದಳು. ಅದು ಕೂಡಲೇ ನೆನೆದು ಕಾಲಿಗೆ ಸುತ್ತಿಕೊಂಡಿತು. ಆಮೇಲೆ ಪೂರ್ತಿ ಬೆನ್ನು ತಿರುಗಿಸಿ ಕೂತಳು.

"ಈಗ ತೆಗಿ ಅಕ್ಕಾ!" ಎಂದು ತಿರುಗದೆಯೇ ಕೂಗಿದಳು. "ಎಷ್ಟು ಬೇಕಾದ್ರೂ ತೆಗಿ. ನಾನು ಅಲ್ಲಾಡಲ್ಲ."

ಮಸೂದಾ ಚಹಾದ ಲೋಟ ಹಿಡಿದು ಬಂದಿದ್ದಳು. "ಕಾರ್ಡೇ ಇಲ್ವಲ್ಲ..." ಎಂದು ಶುರುಮಾಡಿದಳು.

"ಶ್!" ವರೀದಾ ಅವಳ ಲಂಗ ಹಿಡಿದು ಜಗ್ಗಿದಳು. "ಅವಳಿಗೆ ಕೇಳಿಸೀತು. ಬಾಯಿ ಮುಚ್ಚಿಕೊಂಡು ಕೂತ್ಕೋ."

ನೋಯುವ ಮಂಡಿಯನ್ನು ಮಡಚಿ, ಬಿಡಿಸಿ, ಮತ್ತೆ ಬೋರಲು ಮಲಗಿದಳು. ಕ್ಯಾಮೆರಾದ ಕಿಂಡಿಯ ಮೂಲೆಯಲ್ಲಿ ಕಾರ್ಡಿಲ್ಲವೆಂದು ಕೆಂಪು ಅಕ್ಷರ ಮಿನುಗುತ್ತಿತ್ತು. ಹಕ್ಕಿ ವಾಪಸ್ಸು ಬಂದು ಗರಿ ಉಬ್ಬಿಸಿತು. ಒಂದು ಮರಿ ಒಳಗೆ ಹೋಯಿತು, ಇನ್ನೊಂದು ಹೋಯಿತು. ಮೂರನೆಯದು ಈ ಸಲವೂ ದಾರಿ ತಪ್ಪಿತು. ವರೀದಾ ಅದಕ್ಕಾಗಿ ಕಾದಳು. ಅದು ಬಾಲದ ಕಡೆಯಿಂದ ತೂರಿಕೊಂಡಾಗ, ಆಚೆ ಬೆನ್ನು ಹಾಕಿ ಕೂತವಳಿಗೆ ಸದ್ದು ಕೇಳಿಸುವಂತೆ, ಗುಂಡಿ ಒತ್ತಿದಳು.