ಸೆವೆರಿನಾಳ ಮುಂದಿನ ಹಲ್ಲು

ಒರೂರೋ ಪಟ್ಟಣದ ಕಾರ್ನಿವಲ್‌ಗೆ ಇನ್ನೈದೇ ದಿನ ಇದ್ದಾಗ ಸೆವೆರಿನಾಳ ಮೇಲಿನ ಸಾಲಿನ ಮುಂದಿನ ಹಲ್ಲು ಕೈಕೊಟ್ಟಿತು. ಅವಳು ಹೆಂಗಸರ ಬ್ಯಾಂಡಿನಲ್ಲಿ ಮೊದಲ ಟ್ರಂಪೆಟ್ಟಿನವಳು. ನಾಲ್ಕು ವರ್ಷದ ಹಿಂದೆ ಬಸ್ಸಿನ ಕಂಬಿಗೆ ಬಡಿದು ಪೆಟ್ಟಾಗಿದ್ದ ಹಲ್ಲು ಮೆಲ್ಲಗೆ ಕಪ್ಪಾಗಿತ್ತೇ ಹೊರತು ಎಂದೂ ನೋಯಿಸಿರಲಿಲ್ಲ. ಈಗ ತುಟಿ ಮೂಗಿನವರೆಗೂ ಊದಿಕೊಂಡಿತ್ತು. ನಾಲಿಗೆ ಸೋಕಿದರೂ ಜೀವ ಹೋದಂತಾಗುತ್ತಿತ್ತು. ಕೋಕಾ ಎಲೆ ಜಗಿದು ಒತ್ತಿದಳು, ಲವಂಗ ಕಚ್ಚಿದಳು, ಸಾರಾಯಿಯಲ್ಲಿ ಬಾಯಿ ಮುಕ್ಕಳಿಸಿದಳು. ನೋವು ಯಾವುದಕ್ಕೂ ಜಗ್ಗಲಿಲ್ಲ.

“ಕೀಳಿಸಿ ಬಿಸಾಕೇ!” ಎಂದಳು ತಾಯಿ ಎವುಸ್ತಾಕಿಯಾ. “ನಂಗೆ ಬಾಯಲ್ಲಿರೋದು ಆರೇ ಹಲ್ಲು, ಬದುಕಿಲ್ವಾ?”

“ನೀನು ಟ್ರಂಪೆಟ್ ಊದ್ತೀಯೇನಮ್ಮಾ? ಇದು ಹೋದ್ರೆ ತುಟೀನ ಯಾತರ ಮೇಲೆ ಒತ್ತಲಿ? ನನ್ನ ಕಥೆ ಮುಗೀತು!”

ಶಾಲಿನಲ್ಲಿ ಮುಖ ಮುಚ್ಚಿಕೊಂಡು ಹಲ್ಲಿನ ಡಾಕ್ಟರು ಬೆನಿತಾ ಬಳಿಗೆ ಓಡಿದಳು.

“ಕೀಳ್ಬೇಡಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾರಮ್ಮ ಕೀಳೋರು? ಹಲ್ಲಿನೊಳಗೆ ಬೇರಿನ ತುದೀವರೆಗೂ ಸಣ್ಣ ಕೊಳವೆ ಇರುತ್ತೆ, ಅದರಲ್ಲಿ ನರ. ಆವತ್ತಿನ ಪೆಟ್ಟಿಗೆ ನಿನ್ನ ನರ ಸತ್ತಿದೆ. ಅದು ಕೊಳೆತು ಬೇರಿನ ತುದೀಲಿ ಕೀವು ಕಟ್ಟಿದೆ. ಹೊರಗೆ ಬರೋಕೆ ದಾರಿ ಇಲ್ಲ, ಅದಕ್ಕೇ ಇಷ್ಟು ನೋವು. ಹಿಂದಿನಿಂದ ತೂತು ಮಾಡಿ ಒಳಗೆಲ್ಲ ತೊಳೆದು, ಆಮೇಲೆ ತುಂಬಿ ಮುಚ್ತೀನಿ. ಹಲ್ಲು ನಿನ್ನ ಬಾಯಲ್ಲೇ ಇರುತ್ತೆ.”

“ನಾಡಿದ್ದು ಊದಬಹುದಾ?”

“ಮೊದ್ಲು ಬಾಯಿ ತೆರಿ.”

ಕೀವು ತುಂಬಿದ್ದ ಕಡೆ ಮರಗಟ್ಟಿಸುವ ಇಂಜೆಕ್ಷನ್ನೂ ಸರಿಯಾಗಿ ಹಿಡಿಯಲಿಲ್ಲ. ಯಂತ್ರ ಗುಂಯ್ಗುಟ್ಟಿ ಹಲ್ಲಿಗೆ ತಾಗಿದಾಗ, ಡಾಕ್ಟರ ಬೆರಳು ಕಚ್ಚಿ ಓಡಿಬಿಡೋಣವೆನಿಸಿತು. ಕುರ್ಚಿಯ ಕೈ ಬಿಗಿಹಿಡಿದು ಕಣ್ಣು ಮುಚ್ಚಿದಳು. ಬಾಯಿತುಂಬ ನಾತ ಹರಡಿತು, ಕೀವು ಹರಿಯಿತು. ಮೂರು ದಿನದಿಂದ ತಲೆಯೊಳಗೆ ಕುಟ್ಟುತ್ತಿದ್ದ ನೋವು ಇಳಿದುಹೋಯಿತು. ಸೆವೆರಿನಾ ಬಿಕ್ಕಿಬಿಕ್ಕಿ ಅತ್ತಳು.

ಡಾಕ್ಟರು ಒಳಗೆ ಔಷಧಿಯಿಟ್ಟು ಮುಚ್ಚಿ, ಕೈ ತೊಳೆಯುತ್ತ ಹೇಳಿದರು: “ಮುಂದಿನ ವಾರ ಬಾ, ಕೆಲಸ ಇನ್ನೂ ಇದೆ. ನಾನು ಹೇಳೋವರೆಗೂ ಟ್ರಂಪೆಟ್ ಮುಟ್ಟಬೇಡ.”

“ಒಂದೇ ಒಂದು ದಿನ, ಡಾಕ್ಟ್ರೇ!”

“ಹಲ್ಲು ಬೇಕೋ, ಬೇಡ್ವೋ?”

ಶನಿವಾರ ಕಾರ್ನಿವಲ್ ಮೆರವಣಿಗೆಯಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ಊದಿದಳು. ಸೆವೆರಿನಾ ಊದಿಕೊಂಡ ತುಟಿಯಲ್ಲೇ ಕೊನೆಯ ಸಾಲಿನಲ್ಲಿ ತಾಳ ಬಡಿಯುತ್ತ ನಡೆದಳು. ಮುಂದೆ ಆ ಹೊಸಬಳ ಮೇಲಿನ ಸ್ವರ ಸೀಳಿದಾಗಲೆಲ್ಲ ತಾಳವನ್ನು ಇನ್ನಷ್ಟು ಜೋರಾಗಿ ಬಡಿದಳು.

ಇನ್ನೆರಡು ಸಲ ಹೋಗಿ ಬಂದ ಮೇಲೆ ಕೊಳವೆ ತುಂಬಿ ಮುಚ್ಚಿದ್ದಾಯಿತು. ಒಂದು ತಿಂಗಳಾದ ಮೇಲೆ ಊದಲು ಡಾಕ್ಟರು ಒಪ್ಪಿದರು. ಮರುದಿನ ನಸುಕಿನಲ್ಲೇ ಮನೆಯ ಮಾಳಿಗೆಯ ಮೇಲೆ ನಿಂತು ಹೆದರುತ್ತಲೇ ಟ್ರಂಪೆಟ್ಟಿಗೆ ತುಟಿಯೊತ್ತಿದಳು. ಮೊದಲ ಸ್ವರ ಒಡೆಯಿತು. ಎರಡನೆಯದು ನಿಂತಿತು, ಹಲ್ಲು ಅಲುಗಲಿಲ್ಲ.

“ಇಡೀ ಬೀದಿ ಎದ್ದಿದೆ ಕಣೇ!” ಎಂದು ಕೆಳಗಿನಿಂದ ತಾಯಿ ಕೂಗಿದಳು. “ಇನ್ನೊಂದ್ಸಲ ಊದು.”